ಮೂರನೆಯ ಪ್ಲಗ್ಗು

ಬಾನೆಟ್ ಎತ್ತಿ ನಿಲ್ಲಿಸಿದ ಕಾರು ಕಂಡರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಇದು ನನ್ನೊಬ್ಬನ ರೋಗವಲ್ಲ. ವಿಲೆ ಪಾರ್ಲೆಯ ನಮ್ಮ ಗಲ್ಲಿಯಲ್ಲಿ ಯಾರಾದರೂ ಬಾನೆಟ್ ಎತ್ತಿದರೆ ಸಾಕು, ಹಾಲಿನ ಪಾಕೀಟು ಹಿಡಿದವರು, ನಾಯಿ ಹಿಡಿದವರು, ಕೈಯಲ್ಲಿ ಏನೂ ಹಿಡಿಯದವರು, ಎಲ್ಲ ಗಂಡಸರೂ ಬಂದು ಎಂಜಿನ್ನಿನೊಳಗೆ ಬಗ್ಗಿ ನೋಡುತ್ತಾರೆ. ಬಾವಿಗೆ ಬಿಂದಿಗೆ ಬಿದ್ದಿದೆಯೇನೋ ಎಂಬ ಹಾಗೆ. ಆಮೇಲೆ ಒಬ್ಬೊಬ್ಬರೇ ಬಾಯಿ ತೆರೆಯುತ್ತಾರೆ. ಒಬ್ಬರು ಬ್ಯಾಟರಿ ಎನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲಿನಲ್ಲಿ ನೀರು ಸೇರಿದೆ ಎನ್ನುತ್ತಾರೆ, ವಯಸ್ಸಾದವರು ಯಾರಾದರೂ ಇದ್ದರೆ ಕಾರ್ಬೊರೇಟರ್ ಎನ್ನುತ್ತಾರೆ. ಕಾರ್ಬೊರೇಟರ್ ಇರುವ ಕಾರುಗಳು ಬರುವುದು ನಿಂತು ಎಷ್ಟೋ ಕಾಲವಾಯಿತು. ಆದರೂ ಹೇಳುವುದಕ್ಕೆ ಆ ಶಬ್ದ ಚೆನ್ನಾಗಿದೆ. ನಾನೂ ಹೇಳಿದ್ದೇನೆ. ಜೀವಮಾನವಿಡೀ ವಿಮಾ ಕಚೇರಿಯಲ್ಲಿ ಕಡತ ತಿರುವಿದ ನನಗೆ ಎಂಜಿನ್ನಿನ ವಿಷಯ ಏನೂ ಗೊತ್ತಿಲ್ಲ. ಹೆಂಗಸರು ಮಾತ್ರ ಹಾಗೆ ನಿಂತು ನೋಡುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ಅವರಿಗೆ ಕೆಲಸ ಇರುತ್ತದೆ ಎಂದು ಆಮೇಲೆ ಹೊಳೆಯಿತು.

ಈ ರೋಗ ನನಗೆ ಬಂದದ್ದು ಅಪ್ಪನಿಂದ. ಅಪ್ಪ ವಿಜಯಪುರದಿಂದ ಬಂದು ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ನಾವಿದ್ದ ಚಾಳಿನಲ್ಲಿ ಸ್ಕೂಟರ್ ಕೊಂಡ ಎರಡನೆಯ ಮನುಷ್ಯ ಅವನು. ಮೊದಲನೆಯವನ ಸ್ಕೂಟರ್ ಕಳುವಾದ್ದರಿಂದ ನಾವೇ ಮೊದಲಿನವರು ಎಂದು ಅಪ್ಪ ಲೆಕ್ಕ ಹಿಡಿಯುತ್ತಿದ್ದ. ಆ ಸ್ಕೂಟರನ್ನು ಚಾಲೂ ಮಾಡುವ ಮೊದಲು ಎಡಕ್ಕೆ ವಾಲಿಸಬೇಕು, ಒಂದು ಕ್ಷಣ ಹಾಗೇ ಹಿಡಿದು ನಿಲ್ಲಬೇಕು, ಆಮೇಲೆ ಒದೆಯಬೇಕು. ಹೊರಟ ಮೇಲೂ ಗುರಿ ಮುಟ್ಟುವ ಖಾತ್ರಿ ಇರಲಿಲ್ಲ. ಶಿವಡಿಯ ತಿರುವಿನಲ್ಲೋ ದಾದರಿನ ಸೇತುವೆಯ ಏರಿನಲ್ಲೋ ಅದು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಅಪ್ಪ ಇಳಿದು, ಡಿಕ್ಕಿಯಿಂದ ಪಾನಾ, ಅಂದರೆ ಸ್ಪ್ಯಾನರ್, ತೆಗೆದು, ಪ್ಲಗ್ ಬಿಚ್ಚಿ, ಬಿಸಿ ತಾಗದಂತೆ ಕರವಸ್ತ್ರದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದ. ಕಾಡಿಗೆಯಂತೆ ಮಸಿ ಕಟ್ಟಿರುತ್ತಿತ್ತು. ಕಡ್ಡಿಪೆಟ್ಟಿಗೆಯ ಗೀರುವ ಬದಿಗೆ ಉಜ್ಜಿ ಉಜ್ಜಿ ಅದನ್ನು ತಿಕ್ಕುವನು, ಬಾಯಿಂದ ಊದುವನು, ಒಂದು ಪೋಸ್ಟ್ ಕಾರ್ಡಿನ ಚೂರನ್ನು ಸಂದಿನಲ್ಲಿ ತೂರಿಸಿ ಅಂತರ ಸರಿಯಾಗಿದೆಯೇ ನೋಡುವನು. ಅಪ್ಪ ಅಷ್ಟು ಗಮನವಿಟ್ಟು ನನ್ನ ಪ್ರಗತಿ ಪತ್ರವನ್ನೂ ನೋಡಿದವನಲ್ಲ.

ಅಷ್ಟೂ ಹೊತ್ತು ಅವ್ವ ಫುಟ್‌ಪಾತಿನ ಮೇಲೆ, ಮದುವೆಗೆಂದು ಉಟ್ಟ ಇಳಕಲ್ ಸೀರೆಯ ಸೆರಗನ್ನು ಹೊಗೆಗೆ ತಾಗದಂತೆ ಹಿಡಿದು ನಿಂತಿರುವಳು. ಪ್ಲಗ್ ಕೂಡಿಸಿ ಆದ ಮೇಲೆ ಅಪ್ಪ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ: "ನೀ ಸರಿಯಾಗಿ ಕೂಡೂದಿಲ್ಲ. ಒಂದ ಬದಿಗೆ ಭಾರ ಹಾಕ್ತಿ. ಅದಕ್ಕ ನಿಲ್ತದ ಇದು." ಕೂಡುವುದಕ್ಕೂ ಪ್ಲಗ್ಗಿನ ಮಸಿಗೂ ಏನು ಸಂಬಂಧ ಎಂದು ಅವ್ವ ಕೇಳಲಿಲ್ಲ. ಒಂದು ದಿನ ಮಾತ್ರ ದಾದರಿನಲ್ಲಿ, "ನೀವು ಇದನ್ನ ರಿಪೇರಿ ಮಾಡಿಕೊಂಡು ಬರ್ರಿ, ನಾ ಬಸ್ಸಿಗೆ ಹೋಗಿರ್ತೀನಿ," ಎಂದು ನನ್ನ ಕೈ ಹಿಡಿದು ಹೊರಟೇಬಿಟ್ಟಳು. ನಾವು ಮುಟ್ಟಿ, ಅಕ್ಷತೆ ಹಾಕಿ, ಊಟದ ಎರಡನೆಯ ಪಂಕ್ತಿಗೆ ಕೂತಾಗ ಅಪ್ಪ ಕಪ್ಪು ಕೈಗಳೊಂದಿಗೆ ಬಂದ. ಮದುವೆ ಮನೆಯವರು ಅವನಿಗೆ ಮೊದಲು ಕೊಟ್ಟದ್ದು ಸಾಬೂನು.

ಹೇಳಹೊರಟದ್ದು ನನ್ನ ಕಾರಿನ ವಿಷಯ. ಅದಕ್ಕೀಗ ಹನ್ನೆರಡು ವರ್ಷ. ಇತ್ತೀಚೆಗೆ ಸಿಗ್ನಲ್ಲಿನಲ್ಲಿ ನಿಂತಾಗ ಅದು ನಡುಗತೊಡಗಿತು. ಮೊದಮೊದಲು ಸಣ್ಣಗೆ, ಚಳಿಜ್ವರ ಬರುವ ಮುಂಚಿನ ಹಾಗೆ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲಿಟ್ಟ ಗಣಪತಿಯೂ ತಲೆಯಾಡಿಸುವಷ್ಟು. ಎಂಜಿನ್ನಿನ ಚಿತ್ರವಿರುವ ಹಳದಿ ದೀಪವೂ ಹೊತ್ತಿಕೊಂಡಿತು. ನಮ್ಮ ಮೆಕ್ಯಾನಿಕ್ ಊರಿಗೆ ಹೋಗಿದ್ದ. ಫೋನಿನಲ್ಲಿ ಲಕ್ಷಣಗಳನ್ನೆಲ್ಲ ಕೇಳಿಕೊಂಡು, "ಪ್ಲಗ್ ಗಯಾ ಹೋಗಾ, ಸಾಬ್. ಮೈ ಆಕೆ ಬದಲ್ ದೂಂಗಾ. ಆಪ್ ಹಾಥ್ ಮತ್ ಲಗಾನಾ," ಎಂದ. ನಾನೇ ಬಂದು ಬದಲಿಸುತ್ತೇನೆ, ನೀವು ಕೈ ಹಚ್ಚಬೇಡಿ ಎಂದು ಅವನು ಹೇಳದೆ ಇದ್ದಿದ್ದರೆ ನಾನು ಹಚ್ಚುತ್ತಲೂ ಇರಲಿಲ್ಲ.

ಮಗಳು ಅನಘಾ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿ ಕೊಟ್ಟಳು. "ಪಪ್ಪಾ, ಇದು ತುಂಬಾ ಸಿಂಪಲ್ ಇದೆ. ಫಿಫ್ಟೀನ್ ಮಿನಿಟ್ ಕಾ ಕಾಮ್ ಹೈ. ನೀವು ಮಾಡ್‌ಬಹುದು," ಎಂದಳು. ಅವಳ ಕನ್ನಡ ಹೀಗೆಯೇ ಮೂರು ಭಾಷೆಗಳ ಮೇಲೆ ಕಾಲಿಟ್ಟು ನಡೆಯುತ್ತದೆ, ಆದರೂ ಎಡವುವುದಿಲ್ಲ. ವಿಡಿಯೋದಲ್ಲಿ ಒಬ್ಬ ಮನುಷ್ಯ ಬಿಳಿ ಅಂಗಿ ತೊಟ್ಟು, ಸಂಗೀತ ಹಾಕಿಕೊಂಡು, ನಾಲ್ಕು ಪ್ಲಗ್ ತೆಗೆದು ನಾಲ್ಕು ಪ್ಲಗ್ ಹಾಕಿದ. ಅವನ ಕೈಯಿಂದ ಏನೂ ಕೆಳಗೆ ಬೀಳಲಿಲ್ಲ. ಅಂಗಿ ಕೊನೆಯವರೆಗೂ ಬಿಳಿಯೇ ಇತ್ತು. ಅದನ್ನು ಐದು ಸಲ ನೋಡಿ, ಸ್ಟೇಷನ್ ಹತ್ತಿರದ ಬಿಡಿಭಾಗಗಳ ಅಂಗಡಿಯಿಂದ ನಾಲ್ಕು ಪ್ಲಗ್ಗು, ಪ್ಲಗ್ ಬಿಚ್ಚುವ ಉದ್ದನೆಯ ಪಾನಾ ತಂದೆ. ಹಳೆಯ ಬಿಳಿ ಅಂಗಿ ಕೂಡ ಹುಡುಕಿದೆ. ನನ್ನ ಹೆಂಡತಿ ವಿಮಲಾ, "ಅದು ಯಾಕ? ಬನಿಯನ್ ಸಾಕು," ಎಂದು ಅದನ್ನು ಕಸಿದು ಒಳಗಿಟ್ಟಳು.

ರವಿವಾರ ಬೆಳಗಿನ ಚಹಾ ಮುಗಿಸಿ ಕೆಳಗಿಳಿದೆ. ಬಿಲ್ಡಿಂಗಿನ ಅಂಗಳದಲ್ಲಿ ಶೆಟ್ಟರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಶೆಟ್ಟರು ನಮ್ಮ ಮೊದಲ ಮಹಡಿಯವರು, ಉಡುಪಿ ಕಡೆಯವರು, ಮಾಟುಂಗದ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕೂತು ನಿವೃತ್ತರಾದವರು. ಬಾನೆಟ್ ಎತ್ತಿದ ಸದ್ದಿಗೆ ಪೇಪರ್ ಮಡಿಚಿ ಎದ್ದೇ ಬಂದರು.

"ಎಂತ ಮಾಡ್ತಾ ಇದ್ದೀರಿ ದೇಸಾಯರೇ?"

"ಪ್ಲಗ್ ಬದಲಿ ಮಾಡ್ಲಿಕ್ಕತ್ತೀನಿ."

"ನೀವಾ?" ಎಂದರು. ಆ ಒಂದು ಶಬ್ದದಲ್ಲಿ ಅವರು ಹೇಳಬೇಕಾದ್ದೆಲ್ಲ ಇತ್ತು.

ಮೊದಲನೆಯ ಪ್ಲಗ್ಗಿನ ಮೇಲೆ ಕೂತ ಕಾಯಿಲ್ ಎಂಬ ಕಪ್ಪು ಟೊಪ್ಪಿಗೆಯ ಬೋಲ್ಟ್ ಬಿಚ್ಚಿ, ಅದನ್ನು ಮೇಲೆತ್ತಿ, ಕೆಳಗಿನ ಕುಳಿಯಲ್ಲಿ ಪಾನಾ ಇಳಿಸಿ ತಿರುವಿದೆ. ಒಂದು ಚೂರು ಹಟ ಮಾಡಿ ಬಿಟ್ಟಿತು. ಮೇಲೆ ಬಂದ ಪ್ಲಗ್ಗನ್ನು ಅಪ್ಪನಂತೆಯೇ ಬೆಳಕಿಗೆ ಎತ್ತಿ ನೋಡಿದೆ. ತುದಿ ಸವೆದು ಬೋಳಾಗಿತ್ತು. ಹೊಸದನ್ನು ಇಳಿಸಿ, ಕೈಯಿಂದಲೇ ತಿರುವಿ, ಕೊನೆಗೆ ಪಾನಾದಿಂದ ಅರ್ಧ ಸುತ್ತು ಬಿಗಿದೆ. ಎರಡನೆಯದೂ ಹಾಗೆಯೇ ಆಯಿತು. ಇಪ್ಪತ್ತು ನಿಮಿಷದಲ್ಲಿ ಎರಡು. ನಾನು ನೆಟ್ಟಗೆ ನಿಂತು, ಈ ಮೆಕ್ಯಾನಿಕ್ಕುಗಳು ಜನರನ್ನು ಹೇಗೆ ಹೆದರಿಸಿ ಇಟ್ಟಿದ್ದಾರೆ ಎಂಬ ವಿಷಯವಾಗಿ ಶೆಟ್ಟರಿಗೆ ಸಣ್ಣ ಭಾಷಣವನ್ನೇ ಮಾಡಿದೆ. ನಡುವೆ ಒಂದು ವಿಮಾನ ಬಂತು. ಪಾರ್ಲೆಯಲ್ಲಿ ವಿಮಾನ ತಲೆಯ ಮೇಲೆಯೇ ಇಳಿಯುತ್ತದೆ. ಅದು ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ. ನಾನೂ ಬಿಟ್ಟಲ್ಲಿಂದ ಮುಂದುವರಿಸಿದೆ.

ಮೂರನೆಯ ಪ್ಲಗ್ಗು ಜಗ್ಗಲಿಲ್ಲ.

ಎರಡೂ ಕೈ ಹಾಕಿದೆ. ಕಾಲು ಬಂಪರಿಗೆ ಒತ್ತಿ ಕೊಟ್ಟೆ. ಉಸಿರು ಬಿಗಿಹಿಡಿದು ಮೈಭಾರವನ್ನೆಲ್ಲ ಪಾನಾದ ಮೇಲೆ ಹಾಕಿದೆ. 'ಕಟಕ್' ಎಂದಿತು.

"ಬಂತು!" ಎಂದೆ.

ಬಂದದ್ದು ಪ್ಲಗ್ಗಲ್ಲ. ನನ್ನ ಎಡ ಭುಜ. ಕಣ್ಣಿಗೆ ಕತ್ತಲೆ ಕವಿದಂತಾಗಿ ಮೆಲ್ಲಗೆ ಶೆಟ್ಟರ ಕುರ್ಚಿಯ ಮೇಲೆ ಕೂತೆ. ಶೆಟ್ಟರು ಗಾಬರಿಯಾಗಿ, ನಮ್ಮ ಮೂರನೆಯ ಮಹಡಿಯ ಕಿಟಕಿಯತ್ತ ಮುಖ ಮಾಡಿ, "ಅಮ್ಮಾ, ಒಮ್ಮೆ ಕೆಳಗೆ ಬನ್ನಿ ಮಾರಾಯ್ರೆ! ಸಾಹೇಬ್ರಿಗೆ ಕೈ ಎತ್ಲಿಕ್ಕೆ ಆಗುದಿಲ್ಲ!" ಎಂದು ಕೂಗಿದರು.

ವಿಮಲಾ ಬಂದಳು. ನನ್ನ ಭುಜ ಒತ್ತಿ ನೋಡಿ, ಬೆರಳು ಮಡಚಿಸಿ ಬಿಡಿಸಿ ನೋಡಿ, ಮುರಿದಿಲ್ಲ, ಉಳುಕಿದೆ ಎಂದಳು. ಆಮೇಲೆ ಎಂಜಿನ್ನಿನತ್ತ ತಿರುಗಿದಳು. ನಾನು ಮೊದಲೇ ಹೇಳಿದ ಹಾಗೆ, ಬಾನೆಟ್ಟಿನೊಳಗೆ ಬಗ್ಗಿ ನೋಡಿದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟು ಬಿಚ್ಚೀರಿ?"

"ಎರಡು ಮುಗದಾವ. ಇದು ಹಟಕ್ಕ ಬಿದ್ದದ."

"ಅದು ಹಟಕ್ಕ ಬಿದ್ದಿಲ್ರೀ. ಜಂಗು ತಿಂದದ. ಹಟಕ್ಕ ಬಿದ್ದವರು ನೀವು," ಎಂದು ಮೇಲೆ ಹೋದಳು. ಮರಳಿ ಬರುವಾಗ ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ಇತ್ತು, ಉದ್ದ ಮೂತಿಯದು. ಕುಳಿಯೊಳಗೆ ನಾಲ್ಕಾರು ಹನಿ ಬಿಟ್ಟು, "ಕಾಲು ತಾಸು ಯಾರೂ ಮುಟ್ಟಬ್ಯಾಡ್ರಿ," ಎಂದಳು.

ಅವಳು ಹೊಲಿಗೆಯವಳು. ನಮ್ಮ ನಡುಮನೆಯ ಕಿಟಕಿಯ ಬಳಿ ಅವಳ ಯಂತ್ರವಿದೆ. ಬಿಲ್ಡಿಂಗಿನ, ಗಲ್ಲಿಯ, ಸ್ಟೇಷನ್ನಿನ ಆಚೆಯ ಹೆಂಗಸರ ರವಿಕೆಗಳೆಲ್ಲ ಅಲ್ಲಿ ತಯಾರಾಗುತ್ತವೆ. ಆ ಯಂತ್ರ ಕೆಟ್ಟು ರಿಪೇರಿಯವನು ಬಂದದ್ದನ್ನು ನಾನು ಕಂಡಿಲ್ಲ. ಅವಳೇ ಅದನ್ನು ಬಿಚ್ಚಿ, ಹಾಳೆಯ ಮೇಲೆ ಸ್ಕ್ರೂಗಳನ್ನು ಸಾಲಾಗಿಟ್ಟು, ಒರೆಸಿ, ಮತ್ತೆ ಕೂಡಿಸುತ್ತಾಳೆ. ಕೂಡಿಸಿದ ಮೇಲೆ ಒಂದು ಸ್ಕ್ರೂವೂ ಉಳಿಯುವುದಿಲ್ಲ. ಮಿಕ್ಸರನ್ನೂ ಹಾಗೇ ಬಿಚ್ಚುತ್ತಾಳೆ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು. ಕಣ್ಣೆದುರಿಗೇ ನಡೆದುದನ್ನು ಎಷ್ಟೋ ವರ್ಷ ನೋಡದೆ ಇರುವ ಶಕ್ತಿ ಮನುಷ್ಯನಿಗಿದೆ.

ಎಣ್ಣೆ ಇಳಿಯಲಿ ಎಂದು ಕಾಯುತ್ತಿದ್ದಾಗ ಅವಳು ಕಾರಿಗೆ ಒಂದು ಸುತ್ತು ಬಂದಳು. ಎಡಬದಿಯ ಬಾಗಿಲ ಹತ್ತಿರ ನಿಂತಳು. ಬೆಳಗಿನ ಓರೆ ಬಿಸಿಲಿನಲ್ಲಿ, ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ, ಮತ್ತೆ ಹಚ್ಚಿಸಿದ ಬಣ್ಣದ ಒಂದು ಪಟ್ಟಿ ಉಳಿದದ್ದಕ್ಕಿಂತ ತುಸು ಮಾಸಲಾಗಿ ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳಾಡಿಸಿ, ತನ್ನಷ್ಟಕ್ಕೆ ಎಂಬಂತೆ, "ಬಟ್ಟಿ ಒಂದು ನಮೂನಿ, ದಾರ ಒಂದು ನಮೂನಿ ಆಗೇದ," ಎಂದಳು.

ಆ ಪಟ್ಟಿಯ ಕತೆ ಹೇಳಲೇಬೇಕು. ಹೇಳದೆ ಮುಂದೆ ಹೋಗಬಹುದಾಗಿತ್ತು, ಆದರೆ ಆಗ ಈ ಬರಹ ಪ್ಲಗ್ ಬದಲಿಸುವ ವಿಧಾನವಾಗಿ ಉಳಿಯುತ್ತದೆ. ಅದಕ್ಕೆ ಬಿಳಿ ಅಂಗಿಯವನ ವಿಡಿಯೋ ಇದೆ.

ಹನ್ನೊಂದು ವರ್ಷಗಳ ಹಿಂದಿನ ಮಾತು. ಕಾರು ಹೊಸದು. ಇಬ್ಬರೂ ಜೊತೆಯಲ್ಲೇ ಕಲಿತು ಲೈಸೆನ್ಸ್ ಮಾಡಿಸಿದ್ದೆವು. ಹೋಗುವಾಗ ನಾನು, ಬರುವಾಗ ಅವಳು ಎಂಬ ಒಪ್ಪಂದವಿತ್ತು. ಒಂದು ಸಂಜೆ ಮಾಟುಂಗದಲ್ಲಿ ನನ್ನ ಸೋದರಳಿಯನ ನಿಶ್ಚಯ ಮುಗಿಸಿ ಬರುತ್ತಿದ್ದೆವು. ಅವಳೇ ನಡೆಸುತ್ತಿದ್ದಳು. ಹೈವೇ ದಾಟಿ, ಪಾರ್ಲೆಯ ಗದ್ದಲವನ್ನೆಲ್ಲ ದಾಟಿ ಬಂದವಳು ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ತಿರುಗಿಸುವಾಗ ಎಡಗಡೆಯ ಕಂಬಕ್ಕೆ ಸವರಿದಳು. ಹೊಸ ಬಟ್ಟೆ ಹರಿದಂಥ ಸದ್ದಾಯಿತು. ನಾನು ಇಳಿದು ನೋಡಿದೆ. ಬಣ್ಣ ಎದ್ದು ತಗಡು ಕಾಣುತ್ತಿತ್ತು. ವಾಚ್‌ಮನ್ ಓಡಿ ಬಂದ. ಶೆಟ್ಟರು ಇದ್ದರು. ಎರಡನೆಯ ಮಹಡಿಯವರು ತರಕಾರಿ ಚೀಲದೊಂದಿಗೆ ನಿಂತಿದ್ದರು. ಅವರೆಲ್ಲರ ಎದುರಿಗೆ ನಾನು ಅಂದೆ: "ನಿನ್ನ ಕೈಗೆ ಗಾಡಿ ಕೊಟ್ಟದ್ದ ನನ್ನ ತಪ್ಪು. ಒಲಿ ಮುಂದ ಸೌಟು ಹಿಡಿಯೋ ಕೈಗೆ ಸ್ಟೀರಿಂಗ್ ಯಾಕ ಬೇಕು?"

ಅವತ್ತು ಒಂದು ವಿಮಾನವೂ ಬರಲಿಲ್ಲ. ಪ್ರತಿಯೊಂದು ಶಬ್ದವೂ ಎಲ್ಲರಿಗೂ ಕೇಳಿಸಿತು.

ವಿಮಲಾ ಕಾರನ್ನು ನೆಟ್ಟಗೆ ಒಳಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು. "ತಗೋರಿ," ಎಂದಳು. ಅಷ್ಟೇ. ಅಳಲಿಲ್ಲ, ಮಾತು ಬಿಡಲಿಲ್ಲ, ಮರುದಿನದ ರೊಟ್ಟಿಯಲ್ಲಿ ಉಪ್ಪು ಹೆಚ್ಚಾಗಲಿಲ್ಲ. ಒಂದೆರಡು ವಾರ ಬಿಟ್ಟು ನಾನೇ ಕೀಲಿ ಚಾಚಿ, "ನಡಸ್ತಿ ಏನು?" ಎಂದೆ. "ನೀವ ನಡಸ್ರಿ," ಎಂದಳು. ಮತ್ತೊಮ್ಮೆ ಕೇಳಿದೆ. ಅದೇ ಉತ್ತರ. ಆಮೇಲೆ ಕೇಳುವುದನ್ನು ಬಿಟ್ಟೆ. ಯಾರಾದರೂ ವಿಚಾರಿಸಿದರೆ, "ಆಕಿಗೆ ಧೈರ್ಯ ಸಾಲೂದಿಲ್ಲ. ಮುಂಬಯಿ ಟ್ರಾಫಿಕ್ ನೋಡ್ರಿ," ಎಂದು ಹೇಳಿಕೊಂಡು ತಿರುಗಿದೆ. ಹೇಳುತ್ತ ಹೇಳುತ್ತ ಅದೇ ನಿಜವೆಂದು ನನಗೇ ಅನಿಸಿಬಿಟ್ಟಿತ್ತು.

ಈಗ ಅವಳು ಆ ಪಟ್ಟಿಯಿಂದ ಬೆರಳು ತೆಗೆದು ಪಾನಾ ಎತ್ತಿಕೊಂಡಳು. ನನಗೆ ಏನೋ ಹೇಳಬೇಕೆನಿಸಿತು. ಶೆಟ್ಟರು ಇದ್ದರು, ಭುಜ ನೋಯುತ್ತಿತ್ತು, ಎಂದು ಹೇಳದಿರಲು ಎರಡು ಕಾರಣ ಸಿಕ್ಕವು.

"ಜೋರು ಹಾಕ್ಬೇಕಮ್ಮ," ಎಂದರು ಶೆಟ್ಟರು.

"ಜೋರು ಹಾಕಿದ್ರ ಒಳಗಿನ ಹಲ್ಲು ಹರೀತಾವ," ಎಂದಳು ವಿಮಲಾ. "ಸ್ವಲ್ಪ ಹಿಂದ, ಸ್ವಲ್ಪ ಮುಂದ. ಹೊಲಿಗಿ ಮಶೀನಿನಾಗ ಬಿಗಿ ಕೂತ ಬಾಬಿನ್ ತಗಿಯೂದು ಹಿಂಗ."

ಪಾನಾವನ್ನು ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು ತಿರುವಿದಳು. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿಯುವ ಕಡೆಗೆ. ಮುಖವನ್ನು ಎಂಜಿನ್ನಿನಿಂದ ಬೇರೆ ಕಡೆ ತಿರುಗಿಸಿಕೊಂಡಿದ್ದಳು. ಕೈಗೆ ತಿಳಿಯುವುದನ್ನು ಕಣ್ಣು ಕೆಡಿಸಬಾರದು ಎಂಬ ಹಾಗೆ. ಎಷ್ಟು ಹೊತ್ತಾಯಿತೋ, ಶೆಟ್ಟರಿಗೆ ಮೇಲಿನಿಂದ ಎರಡು ಸಲ ತಿಂಡಿಗೆ ಕರೆ ಬಂತು, ಅವರು ಹೋಗಲಿಲ್ಲ. ಕೊನೆಗೆ ಸಣ್ಣಗೆ ಕಿರ್ರೆಂದು ಸದ್ದು ಬಂತು. ಅವಳು ನಗಲಿಲ್ಲ, "ಹಾಂ" ಎಂದಳು. ಆಮೇಲೆ ಅದು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತ ಮೇಲೆ ಬಂತು. ಕಂದು ತುಕ್ಕು ತುಂಬಿದ, ಅಷ್ಟೇನೂ ದೊಡ್ಡದಲ್ಲದ ಒಂದು ವಸ್ತು.

ಹೊಸದನ್ನು ಹಾಕುವಾಗ ನಾನು, "ಪಾನಾದಾಗ ಸಿಗಿಸಿ ಇಳಿಸು," ಎಂದು ಕೂತಲ್ಲಿಂದ ಸಲಹೆ ಕೊಟ್ಟೆ. ಅವಳು ಕಿವಿಗೊಡದೆ, ಮೇಲಿನಿಂದ ಎಣ್ಣೆಯ ಜೊತೆ ತಂದಿದ್ದ ಹಳೆಯ ಗ್ಯಾಸ್ ಪೈಪಿನ ಒಂದು ಗೇಣು ತುಂಡನ್ನು ಪ್ಲಗ್ಗಿನ ತಲೆಗೆ ಸಿಗಿಸಿದಳು. ಪೈಪು ಹಿಡಿದು ಪ್ಲಗ್ಗನ್ನು ಕುಳಿಯೊಳಗೆ ಇಳಿಸಿ, ಪೈಪಿನ ಮೇಲ್ತುದಿಯನ್ನು ಎರಡು ಬೆರಳಲ್ಲಿ ಹೊಸೆಯುತ್ತ ತಿರುವಿದಳು. "ಸೊಟ್ಟ ಕೂತ್ರ ಪೈಪು ಜಾರ್ತದ, ಹಲ್ಲು ಕೆಡೂದಿಲ್ಲ. ನೆಟ್ಟಗ ಕೂತ್ರ ಕೈಗೆ ಗೊತ್ತಾಗ್ತದ," ಎಂದಳು. ನಾಲ್ಕನೆಯದನ್ನೂ ಅವಳೇ ಮುಗಿಸಿದಳು. ಕಾಯಿಲ್‌ಗಳನ್ನು ಕೂಡಿಸಿ, ತಂತಿಗಳ ಕೊಂಡಿ ಹಾಕಿ, ನಾನು ಮೊದಲು ಹಾಕಿದ್ದ ಎರಡನ್ನೂ ಒಮ್ಮೆ ಮುಟ್ಟಿ ನೋಡಿದಳು. ಅವುಗಳ ಬಗ್ಗೆ ಏನೂ ಹೇಳಲಿಲ್ಲ. ಅದು ಪ್ರಮಾಣಪತ್ರ ಎಂದು ನಾನು ತೆಗೆದುಕೊಂಡೆ.

ನಾನು ಬಲಗೈಯಿಂದ ಕೀಲಿ ತಿರುವಿದೆ. ಕಾರು ಒಂದೇ ಉಸಿರಿಗೆ ಎದ್ದಿತು. ಗಣಪತಿ ಅಲ್ಲಾಡಲಿಲ್ಲ. ಶೆಟ್ಟರು ಚಪ್ಪಾಳೆ ಹೊಡೆದು, "ಅಮ್ಮ, ನಿಮ್ದು ಕೈ ಅಂದ್ರೆ ಕೈ!" ಎಂದು ತಿಂಡಿಗೆ ಹೋದರು. ಆ ದಿನ ಗೇಟಿನಲ್ಲಿ ನಾನಂದ ಮಾತು ಅವರಿಗೆ ನೆನಪಿತ್ತೋ ಇಲ್ಲವೋ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ರಸ್ತೆಯ ಮೇಲೆ ಒಮ್ಮೆ ಓಡಿಸಿ ನೋಡದೆ ಕೆಲಸ ಮುಗಿದಂತಲ್ಲ. ಗೇರ್ ಹಾಕಲು ಎಡಗೈ ಎತ್ತಿದೆ. ಅದು ಮೊಣಕಾಲಿನವರೆಗೆ ಬಂದು, ಅಲ್ಲಿಂದ ಮೇಲೆ ಬರಲು ಒಪ್ಪಲಿಲ್ಲ. ಅಷ್ಟರಲ್ಲಿ ವಿಮಲಾ ಮೇಲೆ ಹೋಗಿ, ಕೈ ತೊಳೆದು, ಸೀರೆ ಬದಲಿಸಿ, ಪರ್ಸು ಹಿಡಿದು ಬಂದಳು. ಬಲಗಡೆಯ ಬಾಗಿಲು ತೆರೆದು ನಿಂತಳು.

"ಸರೀರಿ ಅತ್ತಾಗ."

ಸರಿದೆ. ಅವಳು ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಮೇಲಿನ ಕನ್ನಡಿಯನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಳು. ನಾನು ಬಲಗೈಯಿಂದ ಸೀಟ್ ಬೆಲ್ಟ್ ಎಳೆದುಕೊಂಡೆ. "ಹನ್ನೊಂದು ವರ್ಷ ಆತು ವಿಮಲಾ. ಕ್ಲಚ್ಚು ಸ್ವಲ್ಪ... ಲೈಸೆನ್ಸು?"

"ಪರ್ಸಿನಾಗದ. ರಿನ್ಯೂ ಮಾಡಿಸೀನಿ."

ಹಿಂದಕ್ಕೆ ತೆಗೆದು, ಗೇಟಿನ ಕಡೆ ತಿರುಗಿಸಿದಳು. ಎರಡೂ ಕಂಬಗಳ ನಡುವಿನಿಂದ ಕಾರು ಒಂದು ಕಡೆ ಒಂದೂವರೆ ಗೇಣು, ಇನ್ನೊಂದು ಕಡೆ ಒಂದೂವರೆ ಗೇಣು ಬಿಟ್ಟು ಆಚೆ ಹೋಯಿತು. ರಿಕ್ಷಾಗಳ ನಡುವೆ ನುಸುಳಿ, ಬೆಸ್ಟ್ ಕಂಪನಿಯ ಸಿಟಿ ಬಸ್ಸಿಗೆ ದಾರಿ ಕೊಟ್ಟು, ಎದುರಾದ ಬೈಕಿನವನಿಗೆ ಹಾರ್ನ್ ಹೊಡೆಯದೆ ಕೈಯಿಂದಲೇ ಹೋಗೆಂದು ಸನ್ನೆ ಮಾಡಿ ಹೈವೇ ಸೇರಿದಳು. ನಾನು ನನ್ನ ಕಾಲಬುಡದಲ್ಲಿ ಇಲ್ಲದ ಬ್ರೇಕನ್ನು ಮೂರು ಸಲ ಒತ್ತಿದ್ದೆ.

"ಅಲ್ಲಿ ಏನೂ ಇಲ್ರೀ. ಕಾಲು ನೋಸ್ತದ ಸುಮ್ನ."

"ಅಲ್ಲ, ಇಷ್ಟು ವರ್ಷ ಗಾಡಿ ಬಿಟ್ಟಾಕಿ ಇದು ಹ್ಯಾಂಗ..."

"ಬಿಟ್ಟೆ ಅಂತ ಯಾರಂದ್ರು?" ಅವಳ ಕಣ್ಣು ರಸ್ತೆಯ ಮೇಲೇ ಇತ್ತು. "ನಿಮ್ಮ ಗಾಡಿ ಬಿಟ್ಟಿದ್ದೆ. ಅಷ್ಟ."

ಅವಳ ಅಕ್ಕ ಸುಶೀಲಾ ದಹಿಸರದಲ್ಲಿದ್ದಾಳೆ. ಒಂಬತ್ತು ವರ್ಷಗಳ ಹಿಂದೆ ಸುಶೀಲಕ್ಕನ ಗಂಡನಿಗೆ ಕಣ್ಣಿನ ದೃಷ್ಟಿ ಮಂದವಾಗಿ ಅವರ ಕಾರು ಬಿಲ್ಡಿಂಗಿನ ಕೆಳಗೆ ಧೂಳು ಹಿಡಿಯುತ್ತ ನಿಂತಿತು. ವಿಮಲಾ ಪ್ರತಿ ಮಂಗಳವಾರ ಲೋಕಲ್ ಹಿಡಿದು ದಹಿಸರಕ್ಕೆ ಹೋಗಿ, ಸಂಜೆ ಬರುವುದು ನನಗೆ ಗೊತ್ತಿತ್ತು. ಅಕ್ಕ-ತಂಗಿ ಕೂತು ಹರಟೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವಳು ಅಲ್ಲಿಗೆ ಹೋಗಿ ಆ ಕಾರನ್ನು ತೆಗೆಯುತ್ತಿದ್ದಳಂತೆ. ಅಕ್ಕನನ್ನು ತರಕಾರಿ ಪೇಟೆಗೆ, ಭಾವನನ್ನು ಕಣ್ಣಿನ ಡಾಕ್ಟರ ಹತ್ತಿರ, ಮೂವರೂ ಸೇರಿ ವಸಯಿಯ ಸಮುದ್ರಕ್ಕೆ. "ಒಮ್ಮೆ ಡಹಾಣೂ ತನಕಾ ಹೋಗಿದ್ವಿ," ಎಂದಳು. "ಅವತ್ತ ನೋಡ್ರಿ, ಬುಟ್ಟಿ ಚಿಕ್ಕು ತಂದಿದ್ದೆ."

ಚಿಕ್ಕು ನನಗೆ ನೆನಪಿತ್ತು. ಬಹಳ ಸಿಹಿಯಾಗಿದ್ದವು. ಎಲ್ಲಿಯವು ಎಂದು ನಾನು ಕೇಳಿರಲಿಲ್ಲ. ಮುಂಬಯಿಯಿಂದ ಡಹಾಣೂ ಎಷ್ಟು ದೂರ ಎಂದು ಮನಸ್ಸಿನಲ್ಲಿ ಅಳೆದೆ. ನೂರು ಕಿಲೋಮೀಟರಿಗೂ ಮೇಲೆ. ನಾನು ನನ್ನ ಜೀವನದಲ್ಲಿ ಪನವೇಲಿನ ಆಚೆ ಕಾರು ಒಯ್ದವನಲ್ಲ.

ಕಲಾನಗರದ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಸಂಶಯ ಬರುವಷ್ಟು ಶಾಂತವಾಗಿತ್ತು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದೆ. "ಮಾಟುಂಗಕ್ಕ. ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ," ಎಂದಳು. ಮಾಟುಂಗದಲ್ಲಿ ರವಿವಾರ ಬೆಳಿಗ್ಗೆ ಕಾರು ನಿಲ್ಲಿಸಲು ಜಾಗ ಸಿಗುವುದೆಂದರೆ ಪುಣ್ಯ. ಎರಡು ಕಾರುಗಳ ನಡುವೆ, ನಾನಾದರೆ ನೋಡಿಯೂ ನೋಡದಂತೆ ಮುಂದೆ ಹೋಗುತ್ತಿದ್ದ ಒಂದು ಸಂದಿ ಇತ್ತು. ನಾನು ಇಳಿದು ಹಿಂದಿನಿಂದ ಹೇಳಲೇ ಎಂದೆ. "ಕೂಡ್ರಿ ನೀವು," ಎಂದು ಹಿಂದಕ್ಕೆ ತೆಗೆದು ಒಂದೇ ಸಲಕ್ಕೆ ಕೂಡಿಸಿದಳು.

ಹೋಟೆಲಿನ ಹೊರಗೆ ಸಾಲಿತ್ತು. ಹೆಸರು ಬರೆಸಿ ಫುಟ್‌ಪಾತಿನ ಮೇಲೆ ನಿಂತೆವು. ಮುಂದೆ ಒಂದು ಗುಜರಾತಿ ಕುಟುಂಬ. ಹಿಂದೆ ನಮ್ಮ ವಯಸ್ಸಿನ ಗಂಡ-ಹೆಂಡತಿ. ಇನ್ನು ತಡೆಯುವುದಾಗಲಿಲ್ಲ. ತಗ್ಗಿದ ದನಿಯಲ್ಲಿ, "ವಿಮಲಾ, ಅವತ್ತು ನಾ ಹಂಗ ಅನ್ನಬಾರದಿತ್ತು," ಎಂದೆ.

"ಯಾವತ್ತು?"

ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿತ್ತು. ಆದರೂ ಅವಳು ನನ್ನ ಮುಖ ನೋಡುತ್ತ ಕಾದಳು.

"ಗಾಡಿ ಕಂಬಕ್ಕ ತಾಗಿದ ದಿವಸ."

"ಏನಂದಿದ್ರಿ?"

ಹೇಳಿದೆ. ಒಲೆ, ಸೌಟು, ಸ್ಟೀರಿಂಗು, ಒಂದು ಶಬ್ದವನ್ನೂ ಬಿಡದೆ. ಹನ್ನೊಂದು ವರ್ಷವಾದರೂ ಮಾತು ಬಾಯಿಪಾಠವಾಗಿ ಉಳಿದಿತ್ತೆಂದರೆ ಅದನ್ನು ಮರೆತಿದ್ದೇನೆ ಎಂದು ನಾನು ನಟಿಸುತ್ತಿದ್ದೆ ಎಂದೇ ಅರ್ಥ. ಹೇಳಿ ಮುಗಿಸುವಾಗ ದನಿ ಸ್ವಲ್ಪ ಏರಿತ್ತೆಂದು ಕಾಣುತ್ತದೆ. ಗುಜರಾತಿಯವರಿಗೆ ಏನೂ ತಿಳಿಯಲಿಲ್ಲ. ಹಿಂದಿದ್ದವರು ಕನ್ನಡದವರು. ಆ ಗಂಡ ತನ್ನ ಮೊಬೈಲನ್ನು ಬಹಳ ಆಸ್ಥೆಯಿಂದ ನೋಡತೊಡಗಿದ. ಅವನ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಪ್ಪಾತು," ಎಂದೆ.

ವಿಮಲಾ ಸೆರಗಿನಿಂದ ಕ‌ನ್ನಡಕ ಒರೆಸಿಕೊಂಡಳು. ಕಣ್ಣಿಗೆ ನೀರು ಬಂದಿತ್ತೋ ಇಲ್ಲವೋ ನಾನು ಕಾಣೆ. "ಹೂಂ," ಎಂದಳು. ಕನ್ನಡಕ ಹಾಕಿಕೊಂಡು, "ಗೀಚಿದ್ದು ನನ್ನ ತಪ್ಪ ಇತ್ತು. ಅದನ್ನ ಅಂದಿದ್ರ ಸಾಕಿತ್ತು. ಕೈಗೆ ಅಂದ್ರಿ ನೀವು," ಎಂದಳು. ಅಷ್ಟರಲ್ಲಿ ಒಳಗಿನಿಂದ "ದೇಸಾಯಿ, ಎರಡು ಜನ!" ಎಂದು ಕೂಗಿದರು.

ಕೂತು, ಇಡ್ಲಿ ಹೇಳಿ, ನೀರು ಕುಡಿದ ಮೇಲೆ ಅವಳು ಪರ್ಸಿನಿಂದ ಮೊಬೈಲ್ ತೆಗೆದಳು.

"ಯಾರಿಗೆ?"

"ಅಕ್ಕಗ. ಒಂಬತ್ತು ವರ್ಷದಿಂದ ಪ್ರತಿ ಮಂಗಳವಾರ ನಾ ಬಾಗಲಾ ದಾಟೂದರಾಗ ಕೇಳ್ತಾಳ, ನಿನ್ನ ಗಂಡಗ ಗೊತ್ತಾತೇನ ಅಂತ. ಏನ ಹೇಳ್ಲಿ?"

"ಗೊತ್ತಾತು ಅಂತ ಹೇಳು."

ಅವಳು ಫೋನ್ ಕಿವಿಗೆ ಹಿಡಿದು, "ಅಕ್ಕಾ, ಗೊತ್ತಾತು," ಎಂದಳು. ಆಮೇಲೆ ಎಪ್ಪತ್ತು ವರ್ಷದ ಸುಶೀಲಕ್ಕ ನಕ್ಕ ನಗೆ ದಹಿಸರದಿಂದ ಬಂದು ಪಕ್ಕದ ಎರಡು ಮೇಜಿನವರೆಗೂ ಕೇಳಿಸಿತು. ನಗುತ್ತ ನಗುತ್ತಲೇ ಕೇಳುತ್ತಿದ್ದಳು: "ಏನಂದ್ರು? ಏನಂದ್ರು ಅವರು?"

ಇಡ್ಲಿ ಬಂದಿತ್ತು. ಬೇರೆ ಏನು ಮಾಡಬೇಕೋ ತಿಳಿಯದೆ ನಾನು ಸರಿಯಿದ್ದ ಕೈಯೆತ್ತಿ ಮಾಣಿಯನ್ನು ಕರೆದೆ. ವಿಮಲಾ ನನ್ನನ್ನು ಒಂದು ಗಳಿಗೆ ನೋಡಿ, ಫೋನಿನಲ್ಲಿ ಹೇಳಿದಳು: "ಏನೂ ಅಂದಿಲ್ಲಕ್ಕಾ. ಚಟ್ನಿ ಕೇಳ್ಲಿಕ್ಕತ್ತಾರ."